ಅಂಗಳದ ಮರಕ್ಕೆ ಯಾರನ್ನು ಕರೆಯಬೇಕು? ಕಡಿಯುವವರು, ಸವರುವವರು, ಮರ ಬಲ್ಲವರು

"ಕೊಂಬೆ ಸ್ವಲ್ಪ ಸವರಿ ಕೊಡಿ" ಅಂತ ಹೇಳಿ ನಾನು ಕೆಲಸಕ್ಕೆ ಹೊರಟಿದ್ದೆ. ಸಂಜೆ ಬಂದು ನೋಡಿದರೆ ಅಂಗಳದ ಗುಲ್‌ಮೊಹರ್ ಬೋಳಾಗಿ ನಿಂತಿತ್ತು. ನಾಲ್ಕು ದಪ್ಪ ಕೊಂಬೆಗಳು ಒಂದೇ ಎತ್ತರಕ್ಕೆ ತುಂಡಾಗಿದ್ದವು. ಒಂದು ಎಲೆಯೂ ಉಳಿದಿರಲಿಲ್ಲ. ಬಂದವರ ಮೇಲೆ ತುಂಬಾ ಸಿಟ್ಟು ಬಂತು. ಆದರೆ ಸ್ವಲ್ಪ ಅಂದರೆ ಎಷ್ಟು, ಯಾವ ಕೊಂಬೆ, ಎಲ್ಲಿಗೆ ಕತ್ತರಿಸಬೇಕು ಅಂತ ನಾನೂ ಒಂದು ಮಾತು ಹೇಳಿರಲಿಲ್ಲ. ಹೇಳೋಕೆ ನನಗೆ ಗೊತ್ತಿರಲಿಲ್ಲ.

ಕೆಲವು ವಾರ ಕಳೆದ ಮೇಲೆ ತುಂಡಾದ ತುದಿಗಳಿಂದ ಪೊದೆಯ ಹಾಗೆ ಚಿಗುರು ಬಂತು. ನೋಡಿದವರೆಲ್ಲ "ಎಷ್ಟು ಚೆನ್ನಾಗಿ ಚಿಗುರಿದೆ" ಅಂದರು, ನಾನೂ ನಂಬಿದೆ. ಮೂರನೇ ವರ್ಷದ ಗಾಳಿಗೆ ಆ ಚಿಗುರಿನಿಂದ ಬೆಳೆದ ಒಂದು ಕೊಂಬೆ, ನನ್ನ ತೋಳಿನಷ್ಟು ದಪ್ಪದ್ದು, ಬುಡಸಮೇತ ಕಿತ್ತು ಬಿತ್ತು. ಕೆಳಗೆ ಯಾರೂ ಇರಲಿಲ್ಲ, ಪುಣ್ಯ. ಕಿತ್ತ ಜಾಗವನ್ನು ಹತ್ತಿರ ಹೋಗಿ ನೋಡಿದೆ. ಆ ಕೊಂಬೆಯ ಬುಡ ಮರದ ಒಳಕ್ಕೆ ಇಳಿದೇ ಇರಲಿಲ್ಲ, ಗೋಡೆಗೆ ಗಾರೆ ಮೆತ್ತಿದ ಹಾಗೆ ಮೇಲುಮೇಲೆ ಕೂತಿತ್ತು. ಅದರ ಹಿಂದೆ ಹಳೆಯ ಗಾಯ ಕಂದು ಬಣ್ಣಕ್ಕೆ ತಿರುಗಿತ್ತು. ಬೆರಳಿನಿಂದ ಒತ್ತಿದರೆ ಪುಡಿ ಉದುರುತ್ತಿತ್ತು.

ಮರದ ಕೆಲಸಕ್ಕೆ ಜನ ಹುಡುಕುವಾಗ ನಾವು ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳುತ್ತೇವೆ. ಎಷ್ಟು ತಗೋತೀರಿ? ಯಾವಾಗ ಬರ್ತೀರಿ? ಏನು ಮಾಡ್ತೀರಿ, ಯಾಕೆ ಮಾಡ್ತೀರಿ ಅಂತ ಕೇಳುವುದೇ ಇಲ್ಲ. ನನ್ನ ಪ್ರಕಾರ ಜನರನ್ನು ಹೋಲಿಸಿ ನೋಡೋಕೆ ಅದೇ ಸರಿಯಾದ ಅಳತೆ.

ಯಾವ ಕೆಲಸ ಅನ್ನೋದು ಮೊದಲು

ಮರಕ್ಕೆ ಮಾಡುವ ಕೆಲಸ ಎಲ್ಲವೂ ಒಂದೇ ಅಲ್ಲ. ಒಣಗಿದ, ಮುರಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ತೆಗೆಯುವುದು ಒಂದು ಕೆಲಸ. ದಾರಿಗೆ ಅಡ್ಡವಾದ ಕೆಳಗಿನ ಕೊಂಬೆಗಳನ್ನು ತೆಗೆದು ಓಡಾಡೋಕೆ ಜಾಗ ಮಾಡುವುದು ಇನ್ನೊಂದು. ಒಳಗೆ ತೀರಾ ದಟ್ಟವಾಗಿದ್ದರೆ ಅಲ್ಲಲ್ಲಿ ಬಿಡಿಸಿ ಗಾಳಿ ಬೆಳಕು ಆಡುವಂತೆ ಮಾಡುವುದು ಮತ್ತೊಂದು. ಸೂರಿನ ಕಡೆ ಚಾಚಿದ ಕೊಂಬೆಯನ್ನು ಕುಗ್ಗಿಸುವುದಕ್ಕೆ ಇವೆಲ್ಲಕ್ಕಿಂತ ಜಾಸ್ತಿ ಕೈಚಳಕ ಬೇಕು. ಕೊಂಬೆಯನ್ನು ಸಿಕ್ಕಲ್ಲಿ ತುಂಡು ಮಾಡುವ ಹಾಗಿಲ್ಲ. ಅದರಿಂದಲೇ ಹೊರಟ ಪಕ್ಕದ ಕೊಂಬೆಯೊಂದರ ತನಕ ಹಿಂದಕ್ಕೆ ಬಂದು ಅಲ್ಲಿ ಕತ್ತರಿಸಬೇಕು. ಉಳಿಯುವ ಪಕ್ಕದ ಕೊಂಬೆ, ಕತ್ತರಿಸಿದ್ದರ ಮೂರನೇ ಒಂದು ಭಾಗದಷ್ಟಾದರೂ ದಪ್ಪ ಇರಬೇಕು. ಆಗ ಮಾತ್ರ ಅದು ಮುಂದೆ ಜವಾಬ್ದಾರಿ ಹೊತ್ತುಕೊಂಡು ಬೆಳೆಯುತ್ತದೆ.

ನಮ್ಮ ಮರಕ್ಕೆ ಆದದ್ದು ತಲೆ ಹಾರಿಸುವುದು. ಇದನ್ನು ಯಾರು ಎಷ್ಟು ಕಡಿಮೆಗೆ ಮಾಡಿಕೊಡುತ್ತೇನೆ ಅಂದರೂ ಬೇಡ ಅನ್ನಿ. ಎಲೆಯೇ ಮರಕ್ಕೆ ಊಟ ಮಾಡಿಕೊಡುವುದು. ಎಲ್ಲಾ ಎಲೆ ಒಟ್ಟಿಗೆ ಹೋದರೆ ಮರ ಕೂಡಿಟ್ಟ ಪಿಷ್ಟವನ್ನು ಖರ್ಚು ಮಾಡಿ, ತೊಗಟೆಯಡಿಯ ಮೊಗ್ಗುಗಳಿಂದ ಗಡಿಬಿಡಿಯಲ್ಲಿ ಚಿಗುರು ಹೊರಡಿಸುತ್ತದೆ. ನಾವು ಆರೋಗ್ಯ ಅಂದುಕೊಳ್ಳುವ ಆ ಹಸಿರು ಅಸಲಿಗೆ ಮರದ ಸಂಕಟ. ಇಷ್ಟು ದಿನ ನೆರಳಲ್ಲಿದ್ದ ತೊಗಟೆ ಬಿಸಿಲಿಗೆ ಬೆಂದು ಸೀಳುತ್ತದೆ. ದಪ್ಪ ಕೊಂಬೆಯ ಗಾಯ ಮುಚ್ಚುವುದಕ್ಕೆ ಮುಂಚೆಯೇ ಕೊಳೆ ಒಳಗೆ ಇಳಿಯುತ್ತದೆ. ಎತ್ತರ ಕಡಿಮೆ ಆದರೆ ಅಪಾಯ ಕಡಿಮೆ ಅಂತ ಹೇಳಿ ಈ ಕೆಲಸ ಮಾಡಿಸುತ್ತಾರೆ. ಕೆಲವೇ ವರ್ಷಗಳಲ್ಲಿ ಮರ ಮತ್ತೆ ಅದೇ ಎತ್ತರಕ್ಕೆ ಬರುತ್ತದೆ, ಆದರೆ ಈ ಸಲ ಗಟ್ಟಿ ಬುಡವಿಲ್ಲದ ಕೊಂಬೆಗಳ ಜೊತೆ.

ಒಂದು ಸಲಕ್ಕೆ ಜೀವಂತ ಎಲೆಭಾಗದ ಕಾಲು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು ಅನ್ನೋದು ಮರ ಬಲ್ಲವರು ಒಪ್ಪುವ ಮಿತಿ. ವಯಸ್ಸಾದ, ಸೊರಗಿದ ಮರವಾದರೆ ಅದಕ್ಕಿಂತಲೂ ಕಡಿಮೆ. ಈ ಒಂದು ಅಳತೆ ಬಾಯಲ್ಲಿದ್ದರೆ ಮುಂದಿನ ಮಾತುಕತೆ ಎಷ್ಟೋ ಸುಲಭ.

ನಾವೇ ಮಾಡುವುದು

ಎರಡೂ ಕಾಲು ನೆಲದ ಮೇಲಿರುವ ತನಕ ನಾವೇ ಮಾಡಬಹುದು. ಒಂದು ಒಳ್ಳೆಯ ಕೈಗರಗಸ, ಒಂದು ಹರಿತವಾದ ಕೊಂಬೆ ಕತ್ತರಿ, ಉದ್ದ ಕೋಲಿಗೆ ಕಟ್ಟಿದ ಗರಗಸ ಇದ್ದರೆ ಎಳೆ ಮರದ ಮುಕ್ಕಾಲು ಕೆಲಸ ಆಗಿಹೋಗುತ್ತದೆ. ಅಸಲಿಗೆ ಎಳೆ ಮರವನ್ನು ನಾವೇ ನೋಡಿಕೊಳ್ಳುವುದು ಒಳ್ಳೆಯದು. ಬೆರಳು ಗಾತ್ರದಲ್ಲಿ ತೆಗೆದ ಕೊಂಬೆಯ ಗಾಯ ಬೇಗ ಮುಚ್ಚುತ್ತದೆ. ಅದೇ ಕೊಂಬೆಯನ್ನು ಹದಿನೈದು ವರ್ಷ ಬಿಟ್ಟು ತೆಗೆಸಿದರೆ ಖರ್ಚೂ ಜಾಸ್ತಿ, ಗಾಯವೂ ದೊಡ್ಡದು.

ಮಣಿಕಟ್ಟಿನಷ್ಟು ದಪ್ಪದ ಕೊಂಬೆಯನ್ನು ಮೂರು ಸಲಕ್ಕೆ ಕತ್ತರಿಸಬೇಕು. ಮೊದಲು ಕಾಂಡದಿಂದ ಒಂದು ಅಡಿ ದೂರದಲ್ಲಿ, ಕೊಂಬೆಯ ಅಡಿಯಿಂದ ಮೇಲಕ್ಕೆ, ಮೂರನೇ ಒಂದು ಭಾಗದಷ್ಟು ಕೊಯ್ಯಿರಿ. ಆಮೇಲೆ ಅದಕ್ಕಿಂತ ಎರಡು ಬೆರಳು ಆಚೆ ಮೇಲಿನಿಂದ ಕೊಯ್ಯಿರಿ. ಕೊಂಬೆ ತನ್ನ ಭಾರಕ್ಕೆ ಮುರಿದು ಬೀಳುತ್ತದೆ, ಕೆಳಗಿನ ಕೊಯ್ತ ಇರುವುದರಿಂದ ತೊಗಟೆ ಕಾಂಡದುದ್ದಕ್ಕೂ ಸುಲಿದುಕೊಂಡು ಹೋಗುವುದಿಲ್ಲ. ಉಳಿದ ಮೋಟನ್ನು ಕೊನೆಗೆ ತೆಗೆಯಬೇಕು. ಎಲ್ಲಿಗೆ ಅನ್ನೋದನ್ನು ಮುಂದೆ ಹೇಳುತ್ತೇನೆ, ಅದಕ್ಕೆ ಒಂದಿಷ್ಟು ಜಾಗ ಬೇಕು.

ಏಣಿ ಹತ್ತಿ ಚೈನ್ ಸಾ ಹಿಡಿಯುವ ಯೋಚನೆ ಬಂದರೆ ದಯವಿಟ್ಟು ಕೈಬಿಡಿ. ಒಂದು ಅಡಿ ದಪ್ಪ, ಹತ್ತು ಅಡಿ ಉದ್ದದ ಹಸಿ ಕೊಂಬೆಯ ತುಂಡು ಸುಮಾರು 200 ಕಿಲೋ ತೂಗುತ್ತದೆ. ಅದು ಬೀಳುವಾಗ ತೂಗಿ ಏಣಿಗೆ ಬಡಿಯುತ್ತದೆ, ಇಲ್ಲವೇ ಭಾರ ಇಳಿದ ಕೊಂಬೆ ಮೇಲಕ್ಕೆ ಚಿಮ್ಮಿ ಒರಗಿಸಿಟ್ಟ ಏಣಿಯೇ ಜಾರುತ್ತದೆ. ಕರೆಂಟು ತಂತಿಯ ಹತ್ತು ಅಡಿ ಒಳಗಿರುವ ಕೊಂಬೆಯನ್ನಂತೂ ಮುಟ್ಟಲೇಬೇಡಿ. ಹಸಿ ಕೊಂಬೆಯಲ್ಲಿ ಕರೆಂಟು ಹರಿಯುತ್ತದೆ. ತಂತಿಯ ಹತ್ತಿರದ ಕೆಲಸಕ್ಕೆ ವಿದ್ಯುತ್ ಕಂಪನಿಯವರಿಗೇ ಮೊದಲು ಹೇಳಬೇಕು.

ದಿನಗೂಲಿಗೆ ಬರುವವರು

ಇವರ ಬಗ್ಗೆ ಕೆಲವರು ತುಂಬಾ ಹಗುರವಾಗಿ ಮಾತಾಡುತ್ತಾರೆ. ನನಗೆ ಅದು ಸರಿ ಅನಿಸುವುದಿಲ್ಲ. ಮರ ಹತ್ತುವ ಕೌಶಲ, ಹಗ್ಗ ಕಟ್ಟುವ ಜಾಣ್ಮೆ, ಕೊಂಬೆ ಯಾವ ಕಡೆ ಬೀಳುತ್ತದೆ ಅನ್ನುವ ಅಂದಾಜು ಇವರಲ್ಲಿ ಬಹಳ ಜನಕ್ಕೆ ಇದೆ. ಖರ್ಚು ಕಡಿಮೆ, ಕರೆದ ತಕ್ಷಣ ಬರುತ್ತಾರೆ. ಕೊರತೆ ಇರುವುದು ಬೇರೆ ಕಡೆ. ಕೊಂಬೆಯನ್ನು ಕೆಳಗಿಳಿಸುವುದನ್ನು ಕಲಿತಿದ್ದಾರೆ, ಅದನ್ನು ಇಳಿಸಿದ ಮೇಲೆ ಮರಕ್ಕೆ ಏನಾಗುತ್ತದೆ ಅನ್ನೋದನ್ನು ಯಾರೂ ಕಲಿಸಿಲ್ಲ. ಮಚ್ಚಿನಿಂದ ಕಡಿದರೆ ಗಾಯ ಸೀಳು ಸೀಳಾಗುತ್ತದೆ. ನಾವು ಪಕ್ಕದಲ್ಲಿ ನಿಂತು "ಇಷ್ಟು ಸಾಕು" ಅನ್ನದಿದ್ದರೆ ಇನ್ನೂ ನಾಲ್ಕು ಕೊಂಬೆ ಹೋಗುತ್ತವೆ.

ಇನ್ನೊಂದು ವಿಷಯ ಮನಸ್ಸಿಗೆ ಚುಚ್ಚುತ್ತದೆ. ಹೆಲ್ಮೆಟ್ ಇಲ್ಲದೆ, ಸೊಂಟಕ್ಕೆ ಹಗ್ಗ ಇಲ್ಲದೆ ಒಬ್ಬ ಮನುಷ್ಯ ನಮ್ಮ ಮರದಿಂದ ಬಿದ್ದರೆ? ಅವರಿಗೆ ಇನ್ಶೂರೆನ್ಸ್ ಇರುವುದಿಲ್ಲ. ಕಾನೂನಿನ ಮಾತು ಆಮೇಲೆ, ಅವರ ಮನೆಯವರ ಮುಖ ಹೇಗೆ ನೋಡುವುದು? ಅದಕ್ಕೇ ಇವರಿಗೆ ಕೊಡುವ ಕೆಲಸಕ್ಕೆ ನಾನು ಒಂದು ಗೆರೆ ಹಾಕಿಕೊಂಡಿದ್ದೇನೆ. ಚಿಕ್ಕ ಮರ, ಕೆಳಗಿನ ಕೊಂಬೆಗಳು, ಬಿದ್ದದ್ದನ್ನು ತುಂಡು ಮಾಡಿ ಸಾಗಿಸುವುದು, ಬುಡದ ಮಣ್ಣಿನ ಕೆಲಸ, ಇಷ್ಟು. ಎತ್ತರಕ್ಕೆ ಹತ್ತಲೇಬೇಕಾದರೆ ಬೆಲ್ಟು ಮತ್ತು ಎರಡು ಹಗ್ಗ ಇರುವವರು ಮಾತ್ರ.

"ದುಡ್ಡೇನೂ ಬೇಡ, ಮರ ನಮಗೆ ಕೊಟ್ಟರೆ ಸಾಕು" ಅನ್ನುವವರೂ ಸಿಗುತ್ತಾರೆ. ಸತ್ತ ಮರವನ್ನು ತೆಗೆಸುವಾಗ ಇದು ಒಳ್ಳೆಯ ಒಪ್ಪಂದವೇ. ಬದುಕಿರುವ ಮರವನ್ನು ಸವರಿಸುವಾಗ ಮಾತ್ರ ಬೇಡ. ಕಟ್ಟಿಗೆಯೇ ಕೂಲಿ ಆದಾಗ ದಪ್ಪ ಕೊಂಬೆಯ ಮೇಲೆ ಕಣ್ಣು ಬೀಳುತ್ತದೆ. ಲೋಡಿಗೆ ಇಷ್ಟು ಅಂತ ದರ ಹೇಳುವವರದ್ದೂ ಇದೇ ಕಥೆ. ಕಡಿದಷ್ಟೂ ಅವರಿಗೆ ಲಾಭ.

ತೋಟದ ಮಾಲಿಗಳ ಬಗ್ಗೆಯೂ ಒಂದು ಮಾತು. ಹೂಗಿಡ, ಬೇಲಿ, ತಲೆಯೆತ್ತರದ ಮರಗಳಿಗೆ ಇವರು ಸಾಕು. ಆದರೆ ಬೇಲಿ ಕತ್ತರಿಸುವ ಹಾಗೆ ಮರವನ್ನೂ ದುಂಡಗೆ ಕತ್ತರಿಸದಂತೆ ಹೇಳಬೇಕು.

ಯಂತ್ರ ಇಟ್ಟುಕೊಂಡ ತಂಡ

ದೊಡ್ಡ ಮರ ಪೂರ್ತಿ ತೆಗೆಸಬೇಕು, ಪಕ್ಕದಲ್ಲೇ ಮನೆ ಇದೆ, ಒಂದು ತುಂಡೂ ಎಲ್ಲೆಂದರಲ್ಲಿ ಬೀಳಬಾರದು ಅನ್ನುವ ಕೆಲಸಕ್ಕೆ ಇವರೇ ಬೇಕು. ಬುಟ್ಟಿ ಕಟ್ಟಿದ ಕ್ರೇನು, ಹಗ್ಗ ಕಪ್ಪಿ, ಕೊಂಬೆಯನ್ನು ಚೂರು ಮಾಡುವ ಯಂತ್ರ, ಬೊಡ್ಡೆ ಅರೆಯುವ ಯಂತ್ರ ಎಲ್ಲ ಇರುತ್ತದೆ. ಒಂದು ದಿನದಲ್ಲಿ ಅಂಗಳ ಖಾಲಿ ಮಾಡಿ ಗುಡಿಸಿ ಹೋಗುತ್ತಾರೆ. ಒಳಗೆಲ್ಲ ಕೊಳೆತು ಹತ್ತೋಕೆ ಹೆದರಿಕೆಯಾಗುವ ಮರಕ್ಕೆ ಬುಟ್ಟಿ ಕ್ರೇನೇ ಸುರಕ್ಷಿತ. ಆದರೆ ಭಾರದ ಗಾಡಿ ಬೇರಿನ ಮೇಲೆ ಹತ್ತಿ ನಿಂತರೆ ಮಣ್ಣು ಗಟ್ಟಿಯಾಗಿ ಪಕ್ಕದ ಒಳ್ಳೆಯ ಮರಕ್ಕೆ ಪೆಟ್ಟು. ಗಾಡಿ ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ಕೇಳಿ, ಬೇಕಾದರೆ ಹಲಗೆ ಹಾಸಿಸಿ.

ಇವರ ಹತ್ತಿರ ಹುಷಾರಾಗಿರಬೇಕಾದದ್ದು ಯಂತ್ರದ ವಿಷಯದಲ್ಲಲ್ಲ, ಸಲಹೆಯ ವಿಷಯದಲ್ಲಿ. ಇಷ್ಟು ದುಡ್ಡು ಹಾಕಿ ಯಂತ್ರ ತಂದವರಿಗೆ ದೊಡ್ಡ ಕೆಲಸ ಬೇಕು. "ಈ ಮರ ಇವತ್ತಲ್ಲ ನಾಳೆ ಬೀಳುತ್ತೆ" ಅನ್ನುವ ಮಾತು ಬೇಗ ಬಾಯಿಗೆ ಬರುತ್ತದೆ. ಎಲ್ಲರೂ ಹಾಗಲ್ಲ. ಆದರೆ ಮರ ತೆಗೆಯಬೇಕೋ ಬೇಡವೋ ಅನ್ನೋದನ್ನು ತೆಗೆಯುವ ಕೆಲಸ ಸಿಗುವವರ ಬಾಯಿಂದ ಮಾತ್ರ ಕೇಳಿ ತೀರ್ಮಾನ ಮಾಡಬೇಡಿ.

ಕಾಲಿಗೆ ಕಬ್ಬಿಣದ ಮುಳ್ಳು ಕಟ್ಟಿಕೊಂಡು ಹತ್ತುವವರನ್ನು ಕೂಡಲೇ ನಿಲ್ಲಿಸಿ. ಪೂರ್ತಿ ತೆಗೆಯುವ ಮರಕ್ಕೆ ಮಾತ್ರ ಅದು ಸರಿ. ಉಳಿಯಬೇಕಾದ ಮರಕ್ಕೆ ಹೆಜ್ಜೆಹೆಜ್ಜೆಗೂ ಒಂದು ತೂತು ಬೀಳುತ್ತದೆ, ಪ್ರತಿ ತೂತೂ ರೋಗಕ್ಕೆ ಒಂದು ಬಾಗಿಲು.

ಮರ ಬಲ್ಲವರು

ಇಂಗ್ಲಿಷಿನಲ್ಲಿ ಆರ್ಬರಿಸ್ಟ್ ಅನ್ನುತ್ತಾರೆ. ಮರದ ವೈದ್ಯರು ಅಂದುಕೊಳ್ಳಿ. 1924ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಆರ್ಬರಿಕಲ್ಚರ್ ಅನ್ನುವ ಸಂಸ್ಥೆ ಇವರಿಗೆ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುತ್ತದೆ. ಅನುಭವ ಇದ್ದರೇ ಪರೀಕ್ಷೆಗೆ ಕೂರಬಹುದು, ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಪ್ರಮಾಣಪತ್ರ ನಿಜವೋ ಅಲ್ಲವೋ ಅಂತ ಆ ಸಂಸ್ಥೆಯ ವೆಬ್‌ಸೈಟಿನಲ್ಲೇ ನೋಡಬಹುದು. ಇಂಥವರು ಹತ್ತಿರದಲ್ಲಿ ಸಿಗದೇ ಹೋದರೆ ಅರಣ್ಯ ಕಾಲೇಜಿನಲ್ಲೋ ತೋಟಗಾರಿಕೆ ಕಾಲೇಜಿನಲ್ಲೋ ಮರಗಳ ಬಗ್ಗೆ ಓದಿ ಕೆಲಸ ಮಾಡಿದವರನ್ನು ವಿಚಾರಿಸಿ. ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಕೈ ಚೆನ್ನಾಗಿದೆ ಅಂತಲ್ಲ, ಇಲ್ಲದವರೆಲ್ಲ ಅಡ್ಡಾದಿಡ್ಡಿ ಅಂತಲೂ ಅಲ್ಲ. ಆದರೆ ಇದು ಶುರು ಮಾಡೋಕೆ ಒಳ್ಳೆಯ ಜಾಗ.

ಬಂದವರು ಮೊದಲು ಮೇಲೆ ನೋಡುವುದಿಲ್ಲ, ಬುಡ ನೋಡುತ್ತಾರೆ. ನಮ್ಮ ಮರ ನೋಡೋಕೆ ಬಂದವರು ಮೊದಲ ಇಪ್ಪತ್ತು ನಿಮಿಷ ಬುಡದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಮಣ್ಣು ಕೆದಕಿದರು. ಮರದ ಸುತ್ತಿಗೆಯಿಂದ ಕಾಂಡಕ್ಕೆ ಸುತ್ತಲೂ ತಟ್ಟಿ ಕಿವಿಗೊಟ್ಟು ಕೇಳಿದರು. ಒಂದು ಕಡೆ ಗಟ್ಟಿ ಸದ್ದು, ಇನ್ನೊಂದು ಕಡೆ ತಮಟೆಯ ಹಾಗೆ ಟೊಳ್ಳು ಸದ್ದು. ಆಮೇಲೆ ದುರ್ಬೀನು ತೆಗೆದು ಕವಲುಗಳನ್ನು ನೋಡಿದರು. ಗರಗಸ ಅವರ ಕೈಯಲ್ಲಿ ಇರಲೇ ಇಲ್ಲ.

ಇವರ ಖರ್ಚು ಜಾಸ್ತಿ ಅನ್ನೋದು ನಿಜ. ಅದಕ್ಕೆ ನಾನು ಕಂಡುಕೊಂಡ ದಾರಿ ಹೇಳುತ್ತೇನೆ. ಮರ ನೋಡಿ ಸಲಹೆ ಬರೆದುಕೊಡೋಕೆ ಮಾತ್ರ ಇವರನ್ನು ಕರೆಯಿರಿ. ಯಾವ ಕೊಂಬೆ, ಎಲ್ಲಿಗೆ, ಯಾವಾಗ ಅಂತ ಬರೆಸಿಕೊಳ್ಳಿ. ಕತ್ತರಿಸುವ ಜಾಗಕ್ಕೆ ಫೋಟೋದ ಮೇಲೆ ಗೆರೆ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು. ಆ ಕಾಗದ ಹಿಡಿದು ಹತ್ತುವ ತಂಡಕ್ಕೆ ಕೆಲಸ ಕೊಡಿ. ಸಲಹೆ ಕೊಡುವವರಿಗೆ ಕಡಿಯುವ ಕೆಲಸದಲ್ಲಿ ಪಾಲಿಲ್ಲದಿದ್ದರೆ ಅವರ ಮಾತಿಗೆ ತೂಕ ಜಾಸ್ತಿ. ದೊಡ್ಡ ಮರ ಒಂದೇ ಇದ್ದರೂ ಈ ಜೋಡಿಯೇ ನನಗೆ ಎಲ್ಲಕ್ಕಿಂತ ಒಳ್ಳೆಯದು ಅನಿಸಿದೆ.

ಗರಗಸ ಇಡುವ ಜಾಗ

ಯಾರನ್ನು ಕರೆದರೂ ಇದು ನಮಗೆ ಗೊತ್ತಿರಬೇಕು. ಕೊಂಬೆ ಕಾಂಡವನ್ನು ಸೇರುವ ಕಡೆ ಬೆರಳಿನಿಂದ ಸವರಿ ನೋಡಿ. ಅಂಗಿಯ ಕಾಲರಿನ ಹಾಗೆ ಒಂದು ಉಬ್ಬು ಸಿಗುತ್ತದೆ. ಮೇಲುಗಡೆ ಕವಲಿನಲ್ಲಿ ತೊಗಟೆ ಒಂದು ಗೆರೆಯಂತೆ ಮಡಿಚಿರುತ್ತದೆ. ಕೊನೆಯ ಕೊಯ್ತ ಈ ಎರಡರ ಹೊರಗೇ, ಅವನ್ನು ತಾಗದ ಹಾಗೆ ಆಗಬೇಕು. ಕಾಂಡಕ್ಕೆ ಸಮನಾಗಿ ನುಣ್ಣಗೆ ಕತ್ತರಿಸಿದರೆ ಆ ಕಾಲರೂ ಹೋಗುತ್ತದೆ. ಒಂದು ಗೇಣು ಮೋಟು ಬಿಟ್ಟರೆ ಅದು ಒಣಗಿ ಕೊಳೆತು, ಗಾಯ ಮುಚ್ಚದಂತೆ ಅಡ್ಡ ನಿಲ್ಲುತ್ತದೆ.

ಇದನ್ನು ಜಗತ್ತಿಗೆ ಬಿಡಿಸಿ ಹೇಳಿದವರು ಅಮೆರಿಕದ ಫಾರೆಸ್ಟ್ ಸರ್ವಿಸ್‌ನ ವಿಜ್ಞಾನಿ ಅಲೆಕ್ಸ್ ಶೈಗೊ. 1959ರಲ್ಲಿ ಕೆಲಸಕ್ಕೆ ಸೇರಿದ ಅವರು ಚೈನ್ ಸಾ ಹಿಡಿದು ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ, ಕೊಳೆ ಒಳಗೆ ಹೇಗೆ ಹರಡುತ್ತದೆ ಅಂತ ನೋಡಿದರು. ಅದಕ್ಕೆ ಮುಂಚೆ ಮರವನ್ನು ಅಡ್ಡಕ್ಕೆ ಕೊಯ್ದು ನೋಡುವುದೇ ಹೆಚ್ಚಿತ್ತು. ನಮ್ಮ ಚರ್ಮದ ಗಾಯ ಮಾಯುವ ಹಾಗೆ ಮರದ ಗಾಯ ಮಾಯುವುದಿಲ್ಲ ಅನ್ನೋದು ಅವರು ಕಂಡದ್ದು. ಮರ ಕೆಟ್ಟ ಭಾಗದ ಸುತ್ತ ಗೋಡೆ ಕಟ್ಟಿಕೊಂಡು ಅದನ್ನು ಒಳಗೇ ಮುಚ್ಚಿಟ್ಟು ಹೊರಗೆ ಹೊಸ ಪದರ ಬೆಳೆಸುತ್ತದೆ. 1977ರಲ್ಲಿ ಈ ವಿಚಾರವನ್ನು ಅವರು ಒಂದು ಮಾದರಿಯಾಗಿ ಪ್ರಕಟಿಸಿದರು. ಆ ಗೋಡೆಗಳಲ್ಲಿ ಒಂದು ಗಟ್ಟಿ ಸಾಲು ಇರುವುದು ಕೊಂಬೆಯ ಕಾಲರಿನ ಜಾಗದಲ್ಲೇ. ಕಾಲರು ಕತ್ತರಿಸಿದರೆ ಮರದ ಕಾವಲನ್ನೇ ಕಿತ್ತ ಹಾಗೆ.

ಗಾಯಕ್ಕೆ ಬಣ್ಣ, ಡಾಂಬರು ಬಳಿಯುವುದೂ ಕೊಳೆಯನ್ನು ತಡೆಯುವುದಿಲ್ಲ ಅಂತ ಅವರ ಕೆಲಸದಿಂದ ಗೊತ್ತಾಯಿತು. ಗಾಯದ ಮೂಲಕ ಹರಡುವ ಕೆಲವು ನಿರ್ದಿಷ್ಟ ರೋಗಗಳಿರುವ ಕಡೆ ಮಾತ್ರ ಬಣ್ಣ ಹಚ್ಚುವುದುಂಟು. ಪೊಟರೆಗೆ ಸಿಮೆಂಟು ತುಂಬುವ ಹಳೇ ಪದ್ಧತಿಯನ್ನೂ ಬಿಟ್ಟುಬಿಟ್ಟಿದ್ದಾರೆ. ಮರ ಗಾಳಿಗೆ ಬಾಗುತ್ತದೆ, ಸಿಮೆಂಟು ಬಾಗುವುದಿಲ್ಲ, ಒಳಗೆ ಉಜ್ಜಿ ಉಜ್ಜಿ ಹೊಸ ಗಾಯ ಮಾಡುತ್ತದೆ.

ಕೇಳಿ ನೋಡಬೇಕಾದ ಮಾತುಗಳು

ಕನಿಷ್ಠ ಮೂರು ಕಡೆ ವಿಚಾರಿಸಿ, ಮೂವರನ್ನೂ ಮರದ ಹತ್ತಿರ ಕರೆಸಿ. ಫೋಟೋ ನೋಡಿ ದರ ಹೇಳುವವರು ಬೇಡ. "ಇದರ ತಲೆ ಕತ್ತರಿಸಿಬಿಡೋಣವಾ?" ಅಂತ ನೀವೇ ಕೇಳಿ ನೋಡಿ. ಬೇಡ ಅಂತ ಹೇಳಿ ಕಾರಣ ಕೊಟ್ಟವರ ಹೆಸರಿಗೆ ಒಂದು ಗುರುತು ಹಾಕಿಕೊಳ್ಳಿ. "ಆಯ್ತು, ಎಷ್ಟು ಬೇಕಾದರೂ" ಅಂದವರನ್ನು ಬಿಟ್ಟುಬಿಡಿ. ನನ್ನ ಅನುಭವದಲ್ಲಿ ಈ ಒಂದು ಪ್ರಶ್ನೆ ಮಿಕ್ಕ ಹತ್ತು ಪ್ರಶ್ನೆಗಳ ಕೆಲಸ ಮಾಡುತ್ತದೆ.

ಆಮೇಲೆ ಇನ್ಶೂರೆನ್ಸ್. ಕೆಲಸಗಾರರಿಗೆ ಪೆಟ್ಟಾದರೆ ಒಂದು, ಮನೆಗೋ ಪಕ್ಕದವರ ಗೋಡೆಗೋ ಹಾನಿಯಾದರೆ ಇನ್ನೊಂದು, ಎರಡೂ ಬೇಕು. ಇದೆ ಅಂತ ಬಾಯಲ್ಲಿ ಹೇಳಿದರೆ ಸಾಲದು, ಕಾಗದ ನೋಡಿ, ತಾರೀಖು ಮುಗಿದಿಲ್ಲ ತಾನೆ ಅಂತ ನೋಡಿ. ಎರಡು ಮೂರು ವರ್ಷದ ಹಿಂದೆ ಇವರು ಸವರಿದ ಮರ ಒಂದನ್ನು ತೋರಿಸೋಕೆ ಹೇಳಿ. ಹೊಸದಾಗಿ ಸವರಿದ ಮರ ಯಾವತ್ತೂ ಚೆನ್ನಾಗೇ ಕಾಣುತ್ತದೆ, ಕೈಗುಣ ಗೊತ್ತಾಗೋಕೆ ಸಮಯ ಬೇಕು. ಆ ಮರದಲ್ಲಿ ಗಾಯದ ಸುತ್ತ ಬಳೆಯ ಹಾಗೆ ದುಂಡಗೆ ಹೊಸ ತೊಗಟೆ ಬಂದಿದ್ದರೆ ಸರಿಯಾದ ಜಾಗದಲ್ಲಿ ಕತ್ತರಿಸಿದ್ದಾರೆ ಅಂತ ಅರ್ಥ.

ಜೋರು ಗಾಳಿಮಳೆಯ ಮಾರನೇ ದಿನ ತಾವಾಗೇ ಬಾಗಿಲು ತಟ್ಟಿ, ಇವತ್ತೇ ಆಗಬೇಕು, ಪೂರ್ತಿ ದುಡ್ಡು ಈಗಲೇ ಕೊಡಿ ಅನ್ನುವವರನ್ನು ನಯವಾಗಿ ಕಳಿಸಿಬಿಡಿ. ಕೊಂಬೆ ಮನೆ ಮೇಲೆ ಬಿದ್ದಿದ್ದರೆ ಅದನ್ನಷ್ಟೇ ಮೊದಲು ತೆಗೆಸಿ. ನಿಂತಿರುವ ಮರದ ತೀರ್ಮಾನ ಒಂದು ವಾರ ಕಾದರೂ ನಡೆಯುತ್ತದೆ. ಮರ ಹೊಸದಾಗಿ ವಾಲಿದ್ದರೆ ಮಾತ್ರ ಕಾಯುವ ಹಾಗಿಲ್ಲ.

ಕೊಟೇಶನ್ ಹೋಲಿಸುವಾಗ ಮೊತ್ತವನ್ನು ಕೊನೆಗೆ ನೋಡಿ. "ಮರ ಸವರುವುದು, ಇಷ್ಟು" ಅಂತ ಒಂದೇ ಸಾಲು ಇದ್ದರೆ ಅದನ್ನು ಇನ್ನೊಂದರ ಜೊತೆ ಹೋಲಿಸೋಕೆ ಆಗುವುದೇ ಇಲ್ಲ. ಯಾವ ಕೊಂಬೆಗಳು, ಎಷ್ಟು ದಪ್ಪದ ತನಕ, ಕಸ ಯಾರು ಸಾಗಿಸುತ್ತಾರೆ, ಕಟ್ಟಿಗೆ ಯಾರಿಗೆ, ಹೆಂಚೋ ಪೈಪೋ ಒಡೆದರೆ ಯಾರ ಖರ್ಚು, ಇಷ್ಟಾದರೂ ಬರೆದಿರಬೇಕು. ಮರ ತೆಗೆಸುವುದಾದರೆ ಬೊಡ್ಡೆಯ ಮಾತೂ ಬರಬೇಕು. ಬಹಳ ಜನ ಇದನ್ನು ಕೇಳುವುದೇ ಮರೆಯುತ್ತಾರೆ, ಆಮೇಲೆ ಅದಕ್ಕೆ ಬೇರೆ ದುಡ್ಡು. ಬೊಡ್ಡೆಯನ್ನು ನೆಲಮಟ್ಟಕ್ಕೆ ಬಿಡಬಹುದು, ಯಂತ್ರದಲ್ಲಿ ಅರೆಸಬಹುದು, ಬೇರುಸಮೇತ ಕೀಳಿಸಬಹುದು. ಅಲ್ಲೇ ಏನನ್ನೂ ಕಟ್ಟುವುದಿಲ್ಲ ಅಂದರೆ ಅರೆಸುವುದು ಸಾಕು, ಕೀಳಿಸಿದರೆ ಅಂಗಳವೆಲ್ಲ ಅಗೆದ ಹಾಗೆ. ಮರ ತೆಗೆಯೋಕೆ ಅನುಮತಿ ಬೇಕಾಗುವ ಊರುಗಳು ಬಹಳ ಇವೆ, ಅದನ್ನು ಯಾರು ತರುತ್ತಾರೆ ಅನ್ನೋದೂ ಕಾಗದದಲ್ಲಿರಲಿ. ಅನುಮತಿ ಏನೂ ಬೇಡ ಬಿಡಿ ಅನ್ನುವವರ ಮಾತು ಕೇಳಿ ತೊಂದರೆಗೆ ಸಿಕ್ಕುವವರು ಮರದ ಮಾಲೀಕರೇ.

ಕಾಲದ ಬಗ್ಗೆಯೂ ಕೇಳಿ. ಒಣಗಿದ ಕೊಂಬೆಯನ್ನು ಯಾವಾಗ ಬೇಕಾದರೂ ತೆಗೆಯಬಹುದು. ಹಸಿ ಕೊಂಬೆಗೆ ಹೊಸ ಚಿಗುರು ಹೊರಡುವ ಸ್ವಲ್ಪ ಮುಂಚಿನ ಸಮಯ ಒಳ್ಳೆಯದು. ಎಳೆ ಎಲೆ ಬಿಡುತ್ತಿರುವಾಗ ಮರದ ಕೈ ಖಾಲಿ ಇರುತ್ತದೆ, ಆಗ ಬೇಡ. ಗೂಡಿನಲ್ಲಿ ಮರಿಗಳಿದ್ದರೆ ಅವು ಹಾರಿಹೋಗುವ ತನಕ ಕಾಯಿರಿ. ಕೆಲಸ ಒಂದು ತಿಂಗಳು ಮುಂದೆ ಹೋದರೆ ಏನೂ ಆಗುವುದಿಲ್ಲ.

ಉಳಿಸುವುದೋ, ತೆಗೆಸುವುದೋ

ಪೊಟರೆ ಇದೆ ಅಂದ ಮಾತ್ರಕ್ಕೆ ಮರ ಬೀಳುವುದಿಲ್ಲ. ಕೊಳವೆಯ ಹಾಗೆ ಸುತ್ತಲಿನ ಗೋಡೆ ಗಟ್ಟಿಯಾಗಿದ್ದರೆ ಅದು ನಿಲ್ಲುತ್ತದೆ. ಗಟ್ಟಿ ಭಾಗದ ದಪ್ಪ ಕಾಂಡದ ತ್ರಿಜ್ಯದ ಸುಮಾರು ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾದರೆ ಚಿಂತೆ ಶುರು ಅನ್ನೋದು ಒರಟು ಲೆಕ್ಕ. ಪೊಟರೆಗೆ ಪಕ್ಕದಲ್ಲಿ ದೊಡ್ಡ ಬಾಯಿ ತೆರೆದಿದ್ದರೆ ಆ ಲೆಕ್ಕ ಸಾಲದು. ಸಣ್ಣ ಸೂಜಿಯಂಥ ಡ್ರಿಲ್ಲಿನಿಂದ, ಶಬ್ದದ ಅಲೆಗಳಿಂದ ಒಳಗಿನ ಸ್ಥಿತಿ ಅಳೆಯುವ ಉಪಕರಣಗಳಿವೆ. ದೊಡ್ಡ ಹಳೆಯ ಮರವಾದರೆ ಆ ಖರ್ಚು ದಂಡವಲ್ಲ.

ವಾಲಿದ ಮರವೂ ಹಾಗೆಯೇ. ಚಿಕ್ಕಂದಿನಿಂದ ವಾಲಿಕೊಂಡೇ ಬೆಳೆದು ತುದಿ ಮತ್ತೆ ಮೇಲಕ್ಕೆ ತಿರುಗಿದ್ದರೆ ಅದು ಅದರ ನಿಲುವು. ಆದರೆ ಹೊಸದಾಗಿ ವಾಲಿ, ಬುಡದ ಒಂದು ಕಡೆ ಮಣ್ಣು ಬಿರುಕು ಬಿಟ್ಟು ಎದ್ದಿದ್ದರೆ ಅದೇ ದಿನ ಜನರನ್ನು ದೂರ ಇರಿಸಿ ಫೋನ್ ಮಾಡಿ. ಬುಡದಲ್ಲಿ ತಟ್ಟೆಯಂಥ ಗಟ್ಟಿ ಅಣಬೆ ಎದ್ದರೆ ಒಳಗೆ ಬೇರು ಕೊಳೆಯುತ್ತಿರುವ ಸೂಚನೆ. ಅಣಬೆ ಕಿತ್ತು ಬಿಸಾಕಿದರೆ ರೋಗ ಹೋಗುವುದಿಲ್ಲ, ಗುರುತು ಮಾತ್ರ ಹೋಗುತ್ತದೆ. ಒಂದೇ ಗಾತ್ರದ ಎರಡು ಕಾಂಡಗಳು ಇಕ್ಕಟ್ಟಾಗಿ ಕೂಡಿ, ನಡುವೆ ತೊಗಟೆ ಒಳಕ್ಕೆ ಸಿಕ್ಕಿಕೊಂಡಿದ್ದರೆ ಆ ಕವಲು ಒಂದು ದಿನ ಸೀಳುವ ಸಾಧ್ಯತೆ ಜಾಸ್ತಿ. ಎಳೆ ಮರದಲ್ಲೇ ಒಂದನ್ನು ತೆಗೆದರೆ ಮುಗಿಯಿತು, ದೊಡ್ಡದಾದ ಮೇಲೆ ಕುಗ್ಗಿಸುವುದೋ ಕೇಬಲ್ ಕಟ್ಟಿಸುವುದೋ ಬಲ್ಲವರು ಹೇಳಬೇಕು.

ಇದನ್ನೆಲ್ಲ ತೂಗುವಾಗ ಇನ್ನೊಂದು ಪ್ರಶ್ನೆ ಇದೆ. ಬಿದ್ದರೆ ಯಾವುದರ ಮೇಲೆ? ಖಾಲಿ ಜಾಗದ ಮೂಲೆಯಲ್ಲಿರುವ ಮುದಿ ಮರವನ್ನು ಹಕ್ಕಿಗಳಿಗೆ ಬಿಟ್ಟುಕೊಡಬಹುದು. ಮಕ್ಕಳು ಆಡುವ ಜಾಗದ ಮೇಲಿನ ಅದೇ ಮರಕ್ಕೆ ಬೇರೆ ತೀರ್ಮಾನ.

ಬುಡದ ಕೆಲಸ ನಮ್ಮದೇ

ಒಳ್ಳೆಯವರನ್ನು ಹುಡುಕಿ ಸವರಿಸಿ, ಬುಡಕ್ಕೆ ಸಿಮೆಂಟು ಹಾಕಿಸಿಬಿಟ್ಟರೆ ಎಲ್ಲಾ ವ್ಯರ್ಥ. ಮರದ ಬೇರು ನಾವು ಅಂದುಕೊಂಡಷ್ಟು ಆಳಕ್ಕೆ ಹೋಗುವುದಿಲ್ಲ. ನೀರು ಹೀರುವ ಸಣ್ಣ ಬೇರುಗಳು ಬಹುಪಾಲು ಮೇಲಿನ ಒಂದು ಅಡಿ ಮಣ್ಣಿನಲ್ಲೇ ಇರುತ್ತವೆ. ಅಗಲಕ್ಕೆ ಮಾತ್ರ ಕೊಂಬೆಗಳ ನೆರಳನ್ನೂ ದಾಟಿ ಬಹಳ ದೂರ ಹೋಗುತ್ತವೆ. ಆದ್ದರಿಂದ ನೀರನ್ನು ಕಾಂಡಕ್ಕೆ ಸುರಿಯಬೇಡಿ, ನೆರಳಿನ ಅಂಚಿನ ಸುತ್ತ ನಿಧಾನವಾಗಿ ಇಂಗಿಸಿ. ದಿನಾ ಒಂದು ಚೊಂಬು ಹಾಕುವುದಕ್ಕಿಂತ ವಾರಕ್ಕೊಮ್ಮೆ ಆಳಕ್ಕೆ ಇಳಿಯುವ ಹಾಗೆ ಹಾಕುವುದು ಒಳ್ಳೆಯದು. ಹೊಸದಾಗಿ ನೆಟ್ಟ ಗಿಡಕ್ಕೆ ಮಾತ್ರ ಶುರುವಿನಲ್ಲಿ ಬುಡದ ಹತ್ತಿರವೇ ಮತ್ತೆ ಮತ್ತೆ ನೀರು ಬೇಕು.

ಒಣ ಎಲೆ, ಕೊಂಬೆಯ ಚೂರು ಏನಿದ್ದರೂ ಎರಡರಿಂದ ನಾಲ್ಕು ಇಂಚು ದಪ್ಪಕ್ಕೆ ಬುಡದ ಸುತ್ತ ಹರಡಿ. ಕಾಂಡಕ್ಕೆ ತಾಗಿಸಬೇಡಿ, ಒಂದು ಗೇಣು ಜಾಗ ಬಿಡಿ. ಕಾಂಡ ಮಣ್ಣಿಗೆ ಇಳಿಯುವ ಕಡೆ ಅಗಲವಾಗುತ್ತಾ ಬೇರಾಗುವ ಭಾಗ ಕಣ್ಣಿಗೆ ಕಾಣಬೇಕು. ಕಂಬದ ಹಾಗೆ ನೇರವಾಗಿ ಮಣ್ಣಿಗೆ ಇಳಿದಿದ್ದರೆ ಮೇಲೆ ಮಣ್ಣು ತುಂಬಿದೆ ಅಂತ ಅರ್ಥ. ನಿಧಾನವಾಗಿ ಕೈಯಿಂದ ಬಿಡಿಸಿ. ಒಳಗೆ ಒಂದು ಬೇರು ಕಾಂಡವನ್ನೇ ಹಗ್ಗದ ಹಾಗೆ ಸುತ್ತಿಕೊಂಡಿರುವುದೂ ಉಂಟು, ಮರ ದಪ್ಪ ಆದಂತೆ ಅದು ಕತ್ತು ಹಿಸುಕುತ್ತದೆ. ಎಳೆ ಮರಕ್ಕೆ ಕೋಲು ಕಟ್ಟಿದ್ದರೆ ಸಡಿಲವಾಗಿರಲಿ, ಒಂದು ವರ್ಷದೊಳಗೆ ಬಿಚ್ಚಿ. ಗಾಳಿಗೆ ಅಲ್ಲಾಡಿದರೇ ಕಾಂಡ ಗಟ್ಟಿಯಾಗುವುದು.

ಮನೆ ರಿಪೇರಿ, ಪೈಪು, ಕಾಂಪೌಂಡ್ ಅಂತ ಅಗೆಸುವಾಗ ಒಂದು ಲೆಕ್ಕ ನೆನಪಿಡಿ. ಎದೆಮಟ್ಟದಲ್ಲಿ ಕಾಂಡ ಎಷ್ಟು ದಪ್ಪವೋ ಅದರ 12 ಪಟ್ಟು ದೂರದ ತನಕ ಸುತ್ತಲೂ ಅಗೆಯದಿದ್ದರೆ ಒಳ್ಳೆಯದು. ಒಂದು ಅಡಿ ದಪ್ಪದ ಮರಕ್ಕೆ ಹನ್ನೆರಡು ಅಡಿ. ಮರಳು, ಇಟ್ಟಿಗೆ ರಾಶಿಯನ್ನೂ ಅದರೊಳಗೆ ಹಾಕಿಸಬೇಡಿ. ಇಲ್ಲಿ ಆದ ಪೆಟ್ಟು ಮರದಲ್ಲಿ ಕಾಣಿಸೋಕೆ ಮೂರು ನಾಲ್ಕು ವರ್ಷ ಬೇಕು, ಆಗ ಯಾರಿಗೂ ಆ ಅಗೆತ ನೆನಪಿರುವುದಿಲ್ಲ.

ನಮ್ಮ ಗುಲ್‌ಮೊಹರ್ ಇನ್ನೂ ಇದೆ. ನೋಡೋಕೆ ಬಂದವರು ತೆಗೆಸಿ ಅನ್ನಲಿಲ್ಲ. ತುಂಡಾದ ಪ್ರತಿ ತುದಿಯಲ್ಲಿ ಬಂದ ಹತ್ತಾರು ಚಿಗುರುಗಳಲ್ಲಿ ಗಟ್ಟಿ ಬುಡದ ಒಂದೆರಡನ್ನು ಆರಿಸಿ ಉಳಿಸಿದರು. ಮಿಕ್ಕವನ್ನು ಒಂದೇ ಸಲ ತೆಗೆಯದೆ ನಾಲ್ಕು ವರ್ಷಕ್ಕೆ ಹಂಚಿ ಬರೆದುಕೊಟ್ಟರು. ಈಗ ಎರಡು ಸುತ್ತು ಮುಗಿದಿದೆ. ಕಳೆದ ಸಲ ಬಂದ ಹುಡುಗರು ಕತ್ತರಿಸುವ ಮುಂಚೆ ಪ್ರತಿ ಕೊಂಬೆಗೂ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕೆಳಗೆ ನಿಂತ ನನಗೆ ತೋರಿಸಿ, "ಇಲ್ಲಿಗೆ ಅಲ್ವಾ?" ಅಂತ ಕೇಳಿದರು. ಕಾಲರಿನ ಹೊರಗೆ, ಸರಿಯಾದ ಜಾಗದಲ್ಲೇ ಗೆರೆ ಇತ್ತು.